ಕಲ್ಯಾಣದ ವಾಹ್ಯಾಳಿಯಿಂದ ಟೋಕಿಯೊದ ಕಣಕ್ಕೆ: ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯ ಕ್ರೀಡಾಚರಿತ್ರೆ

ಕುದುರೆಗೂ ಕಲ್ಯಾಣ–ಬೀದರ್ ಸೀಮೆಗೂ ಇರುವ ನಂಟು ಹಳೆಯದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ತನ್ನ ‘ಮಾನಸೋಲ್ಲಾಸ’ದಲ್ಲಿ ವಾಜಿವಾಹ್ಯಾಳಿ ಎಂಬ ಕುದುರೆ ಸವಾರಿಯ ವಿನೋದವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಕುದುರೆಯ ಲಕ್ಷಣ, ಅದನ್ನು ಪಳಗಿಸುವ ಕ್ರಮ, ತೋರಣದ ಗುರಿಗೆ ಸವಾರರು ಚೆಂಡು ಹೊಡೆಯುವ ಆಟ ಎಲ್ಲವೂ ಅಲ್ಲಿವೆ. ಮೂರು ಶತಮಾನ ಕಳೆದ ಮೇಲೆ ಬೀದರಿಗೆ ಬಂದ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಲು ತಂದದ್ದೂ ಒಂದು ಗಂಡು ಕುದುರೆಯನ್ನೇ. ಆಳಂದದ ಜಾತ್ರೆಗೆ 20,000 ಕುದುರೆಗಳು ಬರುತ್ತವೆಂದು ಅವನು ಬರೆದಿಟ್ಟ. ಅಂಕಿ ಉತ್ಪ್ರೇಕ್ಷೆಯೇ ಇರಬಹುದು. ಆದರೆ ಒಳ್ಳೆಯ ಕುದುರೆ ಆಗ ಕಡಲು ದಾಟಿ ಸವಾರನಿದ್ದಲ್ಲಿಗೆ ಬರುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ.

ಈ ದಾರಿ ನಮ್ಮ ಕಾಲದಲ್ಲಿ ತಿರುಗುಮುರುಗಾಗಿದೆ: ಈಗ ಸವಾರನೇ ಕುದುರೆಯಿದ್ದಲ್ಲಿಗೆ ಹೋಗಬೇಕು. 2006ರಲ್ಲಿ ಹುಟ್ಟಿದ, ವೆಸ್ಟ್‌ಫಾಲಿಯನ್ ತಳಿಯ, ಬೀಜ ಒಡೆಸಿದ ಕಂದು ಕುದುರೆ ಸೆನ್ಯೂರ್ ಮೆಡಿಕಾಟ್. ಮೊದಲು ಅದನ್ನು ಏರಿದವರು ಜರ್ಮನಿಯ ಬೆಟಿನಾ ಹಾಯ್. ಬಳಿಕ ಅದು ಬೆಂಗಳೂರಿನ ಎಂಬೆಸಿ ಸಮೂಹದ ಆಶ್ರಯದಲ್ಲಿ ಸವಾರ ಫವಾದ್ ಮಿರ್ಜಾ ಅವರ ಪಾಲಿಗೆ ಬಂತು. ಕುದುರೆ ವೈದ್ಯರ ಮಗನಾದ ಫವಾದ್ ಬೆಂಗಳೂರಿನವರೇ. ಆದರೂ ತರಬೇತಿಗಾಗಿ ಜರ್ಮನಿಗೆ ಹೋಗಿ ನೆಲೆಸಬೇಕಾಯಿತು.

ಈ ಜೋಡಿ ಸ್ಪರ್ಧಿಸಿದ ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯಲ್ಲಿ ಮೂರು ಹಂತಗಳಿವೆ: ಶಿಸ್ತಿನ ನಡಿಗೆಯ ಡ್ರೆಸಾಜ್, ಬಯಲಿನ ಕ್ರಾಸ್ ಕಂಟ್ರಿ, ಕೊನೆಗೆ ಷೋ ಜಂಪಿಂಗ್. ದಂಡ ಅಂಕ ಕಡಿಮೆ ಇದ್ದವರು ಗೆಲ್ಲುತ್ತಾರೆ. ಜಿಗಿತದಲ್ಲಿ ಒಂದು ಅಡ್ಡಗಂಬ ಬಿದ್ದರೆ ನಾಲ್ಕು ಅಂಕ. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಮೆಡಿಕಾಟ್ 22.40 ದಂಡ ಅಂಕಗಳೊಂದಿಗೆ ಮುಂದಿತ್ತು. ಕೊನೆಯ ಹಂತದಲ್ಲಿ ಒಂದು ಕಂಬ ಉರುಳಿ ಮೊತ್ತ 26.40 ಆಯಿತು. ಜಪಾನಿನ ಯೋಶಿಯಾಕಿ ಓಯಿವಾ 22.70ಕ್ಕೆ ಚಿನ್ನ ಗೆದ್ದರು. ಆ ಕಂಬ ನಿಂತಿದ್ದರೆ ಚಿನ್ನ ನಮ್ಮದೇ. ಆದರೂ ಫವಾದ್‌ಗೆ ಸಿಕ್ಕ ಬೆಳ್ಳಿಯ ತೂಕ ದೊಡ್ಡದು. 1982ರ ದೆಹಲಿ ಕೂಟದಲ್ಲಿ ಶಹಜಾದಾ ಎಂಬ ಕುದುರೆಯ ಮೇಲೆ ರಘುಬೀರ್ ಸಿಂಗ್ ಚಿನ್ನ ಗೆದ್ದ 36 ವರ್ಷಗಳ ನಂತರ ಭಾರತಕ್ಕೆ ಸಿಕ್ಕ ವೈಯಕ್ತಿಕ ಕುದುರೆ ಸವಾರಿ ಪದಕ ಅದು. ತಂಡಕ್ಕೂ ಬೆಳ್ಳಿ ಬಂತು.

ಮುಂದೆ ಗಾಯ, ದೀರ್ಘ ವಿಶ್ರಾಂತಿ. 2021ರ ಟೋಕಿಯೊ ಒಲಿಂಪಿಕ್ಸ್ ವೇಳೆಗೆ ಮೆಡಿಕಾಟ್‌ಗೆ 15 ವರ್ಷ. ಡ್ರೆಸಾಜ್‌ನಲ್ಲಿ 28.00 ಅಂಕಗಳ ಸೊಗಸಾದ ಪ್ರದರ್ಶನ. ಕ್ರಾಸ್ ಕಂಟ್ರಿಯಲ್ಲಿ ಬೇಲಿಗಳನ್ನೆಲ್ಲ ತಪ್ಪಿಲ್ಲದೆ ದಾಟಿತು, ನಿಗದಿತ ಸಮಯಕ್ಕಿಂತ 28 ಸೆಕೆಂಡು ತಡವಾದದ್ದಕ್ಕೆ 11.20 ದಂಡ ಬಿತ್ತು. ಮೊದಲ ಜಿಗಿತದಲ್ಲಿ ಎರಡು ಕಂಬ ಬಿದ್ದರೂ 25 ಮಂದಿಯ ಅಂತಿಮ ಸುತ್ತಿಗೆ ಸ್ಥಾನ ಸಿಕ್ಕಿತು. ಆ ಸುತ್ತಿನ ದಂಡವೂ ಸೇರಿ ಒಟ್ಟು 59.60ಕ್ಕೆ 23ನೇ ಸ್ಥಾನ. ಸಿಡ್ನಿಯಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿ ಎರಡು ದಶಕವಾದ ಮೇಲೆ ಭಾರತದ ಸವಾರರೊಬ್ಬರು ಒಲಿಂಪಿಕ್ಸ್‌ಗೆ ಹೋದದ್ದು ಹೀಗೆ.

ಸವಾರರು ಪರದೇಶದಲ್ಲೇ ನೆಲೆಸುವುದಕ್ಕೆ ತರಬೇತಿಯೊಂದೇ ಕಾರಣವಲ್ಲ. ಸಾಂಕ್ರಾಮಿಕ ರೋಗಗಳ ಭಯದಿಂದ ಭಾರತದ ಕುದುರೆಗಳಿಗೆ ಯುರೋಪಿನ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ. ಮೀರತ್‌ನ ಸೇನಾ ಪಶುವೈದ್ಯ ಕೇಂದ್ರದ ರೋಗಮುಕ್ತ ಅಶ್ವವಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ದೊರೆತದ್ದು 2025ರಲ್ಲಷ್ಟೇ. ಮೆಡಿಕಾಟ್‌ನ ಸವಾರನನ್ನು ಕೊಟ್ಟ ಕರ್ನಾಟಕದಲ್ಲೂ ಅಂಥದೊಂದು ವಲಯ ಆಗಲೇಬೇಕು. ಸರ್ಕಾರ ಇದನ್ನು ಶ್ರೀಮಂತರ ಆಟವೆಂದು ಬದಿಗಿಡಬಾರದು.