ಐದು ಮೈಕು, ಏಳು ವರ್ಷ: ‘ಇಲ್‌ಮ್ಯಾಟಿಕ್’ ಅಳತೆಗೋಲಾದ ಬಗೆ

ನ್ಯೂಯಾರ್ಕಿನ ರ‍್ಯಾಪರ್ ನಾಸ್‌ನ ಮೊದಲ ಆಲ್ಬಂ ‘ಇಲ್‌ಮ್ಯಾಟಿಕ್’ 1994ರ ಏಪ್ರಿಲ್ 19ರಂದು ಕೊಲಂಬಿಯಾ ಕಂಪನಿಯಿಂದ ಹೊರಬಂತು. ಅದರ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಒಬ್ಬರೇ ಎರಡನ್ನೂ ಹೇಳುವುದೂ ಉಂಟು. ಬಂದ ದಿನವೇ ಅದನ್ನು ಮೇರುಕೃತಿಯೆಂದು ಎಲ್ಲರೂ ಒಪ್ಪಿದರು ಎಂಬುದು ಒಂದು. ಬಂದಾಗ ಯಾರೂ ಕೊಳ್ಳಲಿಲ್ಲ, ಕಾಲವೇ ಅದಕ್ಕೆ ನ್ಯಾಯ ಕೊಟ್ಟಿತು ಎಂಬುದು ಇನ್ನೊಂದು. ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದರೆ ಎರಡೂ ಅರ್ಧ ಸತ್ಯಗಳು. ಹೊಗಳಿಕೆ ತಕ್ಷಣ ಬಂತು, ಆದರೆ ಒಂದು ಊರಿನ, ಒಂದು ಪತ್ರಿಕೆಯ ಆಸುಪಾಸಿನಿಂದ. ಮಾರಾಟ ನಿಧಾನವಾಗಿತ್ತು, ಆದರೆ ನಿಂತುಹೋಗಲಿಲ್ಲ. ಇಂದು ಈ ಆಲ್ಬಮ್ಮಿಗೆ ಇರುವ ಸ್ಥಾನ ಈ ಎರಡರಲ್ಲಿ ಯಾವುದರ ನೇರ ಫಲವೂ ಅಲ್ಲ. ಅದನ್ನು ಅಳತೆಗೋಲಾಗಿ ಮಾಡಿದ್ದು ನಾಸ್‌ನ ಮುಂದಿನ ಆಲ್ಬಮ್ಮುಗಳನ್ನು ಹೀಗಳೆಯಲು ಅದನ್ನೇ ಎತ್ತಿ ತೋರಿಸಿದವರು. ಅವರಲ್ಲಿ ಅಭಿಮಾನಿಗಳಿದ್ದರು, ವಿಮರ್ಶಕರಿದ್ದರು, ಕೊನೆಗೆ ಎದುರಾಳಿಯೂ ಇದ್ದ.

ಆಲ್ಬಂ ಬರುವ ಮೊದಲೇ ಹುಟ್ಟಿದ್ದ ನಿರೀಕ್ಷೆಯಿಂದ ಶುರುಮಾಡಬೇಕು. ನಾಸಿರ್ ಜೋನ್ಸ್ 1973ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ, ಬೆಳೆದದ್ದು ಕ್ವೀನ್ಸ್‌ಬ್ರಿಡ್ಜ್‌ನಲ್ಲಿ. 1939ರಲ್ಲಿ ತೆರೆದ, ಮೂರು ಸಾವಿರಕ್ಕೂ ಹೆಚ್ಚು ಮನೆಗಳಿರುವ ಈ ಸರ್ಕಾರಿ ವಸತಿ ಸಮುಚ್ಚಯಕ್ಕೆ ರ‍್ಯಾಪ್ ಚರಿತ್ರೆಯಲ್ಲಿ ಆಗಲೇ ಒಂದು ಗಾಯವಿತ್ತು. ಎಂಬತ್ತರ ದಶಕದಲ್ಲಿ ಮಾರ್ಲಿ ಮಾರ್ಲ್, ಎಂಸಿ ಶಾನ್, ರೊಕ್ಸಾನ್ ಶಾಂಟೆ ಅದಕ್ಕೆ ಹೆಸರು ತಂದಿದ್ದರು. ಬಳಿಕ ಸೌತ್ ಬ್ರಾಂಕ್ಸ್‌ನ ಕೆಆರ್‌ಎಸ್-ವನ್ ಜತೆಗಿನ ಹಾಡಿನ ಜಗಳದಲ್ಲಿ ಕ್ವೀನ್ಸ್‌ಬ್ರಿಡ್ಜ್ ಸೋತಿತೆಂದು ಬಹುಪಾಲು ಕೇಳುಗರು ತೀರ್ಮಾನಿಸಿದ್ದರು. ಇಂಥ ಜಾಗದ ಹದಿನೇಳರ ಹುಡುಗ 1991ರಲ್ಲಿ ಮೇನ್ ಸೋರ್ಸ್ ತಂಡದ ‘ಲೈವ್ ಅಟ್ ದ ಬಾರ್ಬೆಕ್ಯೂ’ ಹಾಡಿನಲ್ಲಿ ಒಂದೇ ಒಂದು ಚರಣ ಹಾಡಿದ. ಮರುವರ್ಷ ‘ಝೀಬ್ರಾಹೆಡ್’ ಚಿತ್ರದ ಧ್ವನಿಸುರುಳಿಯಲ್ಲಿ ‘ಹಾಫ್‌ಟೈಮ್’ ಬಂತು. ಎಂಸಿ ಸರ್ಚ್ ಮಧ್ಯಸ್ಥಿಕೆ ವಹಿಸಿದ, ಕೊಲಂಬಿಯಾದ ಫೇತ್ ನ್ಯೂಮನ್ ಒಪ್ಪಂದ ಕುದುರಿಸಿದಳು. ಆಗ ಒಂದು ರ‍್ಯಾಪ್ ಆಲ್ಬಮ್ಮಿನ ಬೀಟ್‌ಗಳನ್ನೆಲ್ಲ ಒಬ್ಬ ನಿರ್ಮಾಪಕ ಅಥವಾ ಒಂದು ತಂಡ ಕಟ್ಟುವುದು ವಾಡಿಕೆ. ಇಲ್ಲಿ ಮಾತ್ರ ಡಿಜೆ ಪ್ರೀಮಿಯರ್, ಲಾರ್ಜ್ ಪ್ರೊಫೆಸರ್, ಪೀಟ್ ರಾಕ್, ಕ್ಯೂ-ಟಿಪ್, ಎಲ್.ಇ.ಎಸ್. ಸೇರಿದರು. ನ್ಯೂಯಾರ್ಕಿನ ಹೆಸರಾಂತ ಕೈಗಳೆಲ್ಲ ಒಬ್ಬ ಹೊಸಬನ ಹಿಂದೆ ನಿಂತದ್ದೇ ಒಂದು ಬಗೆಯ ಮುಂಗಡ ವಿಮರ್ಶೆಯಾಗಿತ್ತು.

ಅಚ್ಚಿನ ವಿಮರ್ಶೆಗಳಲ್ಲಿ ಮುಖ್ಯವಾದದ್ದು ‘ದ ಸೋರ್ಸ್’ ಪತ್ರಿಕೆಯದು. 1988ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಮೇಸ್ ಮತ್ತು ಜಾನ್ ಶೆಕ್ಟರ್ ಸಣ್ಣ ಸುದ್ದಿಹಾಳೆಯಾಗಿ ಶುರುಮಾಡಿದ ಇದು ಅಷ್ಟರಲ್ಲಿ ಹಿಪ್‌ಹಾಪ್ ಲೋಕದ ತೀರ್ಪುಗಾರನ ಸ್ಥಾನಕ್ಕೆ ಏರಿತ್ತು. ಆಲ್ಬಮ್ಮುಗಳಿಗೆ ಅದು ಮೈಕುಗಳ ಲೆಕ್ಕದಲ್ಲಿ ಅಂಕ ಕೊಡುತ್ತಿತ್ತು; ಐದು ಗರಿಷ್ಠ. ಡಾ. ಡ್ರೇಯ ‘ದ ಕ್ರಾನಿಕ್’ಗೆ ಸಿಕ್ಕಿದ್ದು ನಾಲ್ಕೂವರೆ. ‘ಇಲ್‌ಮ್ಯಾಟಿಕ್’ಗೆ ಐದೂ ಸಿಕ್ಕವು. ಬರೆದವಳು ‘ಶಾರ್ಟಿ’ ಎಂಬ ಅಂಕಿತದ ಮಿನ್ಯಾ ಓ. ಆದರೆ ಆಲ್ಬಂ ಬಿಡುಗಡೆಗೆ ತಿಂಗಳುಗಳ ಮೊದಲೇ ಶೆಕ್ಟರ್‌ನ ಕೈಸೇರಿತ್ತು, ಕಚೇರಿಯಲ್ಲಿ ಆತ ಅದರ ಪರ ವಾದಿಸುತ್ತಲೇ ಇದ್ದ. ತನ್ನ ಅವಧಿಯಲ್ಲಿ ಐದು ಮೈಕು ಕೊಟ್ಟದ್ದು ಇದೊಂದಕ್ಕೇ ಎಂದು ಸಂಗೀತ ಸಂಪಾದಕನಾಗಿದ್ದ ರೆಜಿನಾಲ್ಡ್ ಡೆನಿಸ್ ಮುಂದೆ ಹೇಳಿಕೊಂಡಿದ್ದಾನೆ. ಅಂದರೆ ಇದು ಒಬ್ಬ ವಿಮರ್ಶಕಿಯ ಏಕಾಂತದ ನಿರ್ಣಯವಲ್ಲ, ಒಂದು ಸಂಪಾದಕ ಬಳಗದ ಒಲವು. ಅದೇ ವರ್ಷದ ಕೊನೆಯ ಹೊತ್ತಿಗೆ ಈ ಬಳಗ ಒಡೆಯಿತು. ಸಂಪಾದಕರಿಗೆ ತಿಳಿಸದೆ ಮೇಸ್ ತನಗೆ ಬೇಕಾದ ತಂಡವೊಂದರ ಬಗ್ಗೆ ಲೇಖನ ಸೇರಿಸಿದನೆಂದು ಶೆಕ್ಟರ್, ಡೆನಿಸ್ ಮುಂತಾದವರು ಪತ್ರಿಕೆ ಬಿಟ್ಟರು. ಆಮೇಲಿನ ವರ್ಷಗಳಲ್ಲಿ ‘ಸೋರ್ಸ್’ನ ಅಂಕಗಳ ಮೇಲೆ ಅನುಮಾನ ಬೆಳೆದಷ್ಟೂ ಹಳೆಯ ಬಳಗ ಕೊಟ್ಟ ಐದು ಮೈಕಿನ ತೂಕ ಹೆಚ್ಚಿತು ಎಂಬುದು ನನ್ನ ಊಹೆ.

ಎಲ್ಲರೂ ತಲೆದೂಗಿದರು ಎಂಬ ಮಾತಿಗೆ ಆಗಿನ ಪತ್ರಿಕೆಗಳು ಸಾಕ್ಷಿ ಹೇಳುವುದಿಲ್ಲ. ‘ರೋಲಿಂಗ್ ಸ್ಟೋನ್’ನಲ್ಲಿ ಟೂರೆ ಮೆಚ್ಚಿ ಬರೆದ. ‘ಲಾಸ್ ಏಂಜಲೀಸ್ ಟೈಮ್ಸ್’ನ ವಿಮರ್ಶಕಿಗೆ ಮಾತ್ರ ಇದರಲ್ಲಿ ಸವೆದುಹೋದ ಭಂಗಿಗಳು ಕಂಡವು. ಪಶ್ಚಿಮ ಕರಾವಳಿಗೆ ಜಾರಿದ ರ‍್ಯಾಪ್ ಪಟ್ಟವನ್ನು ಮರಳಿ ಪಡೆಯಲು ನ್ಯೂಯಾರ್ಕ್ ಹೊಗಳಿಕೆಯ ಸುರಿಮಳೆ ಸುರಿಸುತ್ತಿದೆ ಎಂಬ ಧಾಟಿಯಲ್ಲಿ ಆಕೆ ಬರೆದಳು. ಇದನ್ನು ಊರಭಿಮಾನದ ಕೊಂಕೆಂದು ತಳ್ಳಿಹಾಕುವುದು ಸುಲಭ. ಆದರೆ ಆ ವರ್ಷದ ಸ್ಥಿತಿಯನ್ನು ಆಕೆ ಹಲವು ಅಭಿಮಾನಿಗಳಿಗಿಂತ ಚೆನ್ನಾಗಿ ಗುರುತಿಸಿದ್ದಳು. 1991ರಿಂದ ‘ಬಿಲ್‌ಬೋರ್ಡ್’ ಪಟ್ಟಿ ಅಂಗಡಿಯವರ ಬಾಯಿಮಾತನ್ನು ಬಿಟ್ಟು ಸೌಂಡ್‌ಸ್ಕ್ಯಾನ್‌ನ ಗಣಕಯಂತ್ರದ ಲೆಕ್ಕ ನೆಚ್ಚಿತ್ತು, ರ‍್ಯಾಪ್‌ನ ನಿಜವಾದ ಮಾರುಕಟ್ಟೆ ಬಯಲಾಗಿತ್ತು. ಆ ಮಾರುಕಟ್ಟೆ ಕ್ಯಾಲಿಫೋರ್ನಿಯಾದ ಕಡೆ ವಾಲಿತ್ತು. 1993ರ ನವೆಂಬರಿನಲ್ಲಿ ಸ್ನೂಪ್‌ನ ‘ಡಾಗಿಸ್ಟೈಲ್’ ಮೊದಲ ವಾರದಲ್ಲೇ 8 ಲಕ್ಷ ಪ್ರತಿ ದಾಟಿ ಮೊದಲ ಸ್ಥಾನಕ್ಕೆ ನೆಗೆಯಿತು. ‘ಇಲ್‌ಮ್ಯಾಟಿಕ್’ ತಲುಪಿದ್ದು ಹನ್ನೆರಡನೇ ಸ್ಥಾನ, ಮೊದಲ ವಾರದ ಮಾರಾಟ ಸುಮಾರು 60,000. ಹಾಗೆಂದು ಐದು ಮೈಕನ್ನು ಬರೀ ಪ್ರಾಂತೀಯ ಹಟವೆಂದೂ ಹೇಳಲಾಗದು. ಲಾಸ್ ಏಂಜಲೀಸಿನ ಐಸ್ ಕ್ಯೂಬ್‌ನ ಮೊದಲ ಆಲ್ಬಮ್ಮಿಗೂ ಇದೇ ಪತ್ರಿಕೆ ಐದು ಕೊಟ್ಟಿತ್ತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಬಿಡುಗಡೆಗೆ ಮೊದಲೇ ಕಳ್ಳಪ್ರತಿಗಳು ಊರೆಲ್ಲ ಹರಡಿದ್ದವು, ಹಾಗಾಗಿ ಮಾರಾಟದ ಅಂಕಿ ಜನರ ಮೆಚ್ಚುಗೆಯ ಅಳತೆಯಲ್ಲ ಎಂಬ ವಾದ. ಗ್ಯಾರೇಜೊಂದರಲ್ಲಿ 60,000 ಕಳ್ಳಪ್ರತಿಗಳನ್ನು ಕಂಡೆನೆಂದು ಸರ್ಚ್ ಹೇಳಿದ್ದಾನೆ. ಮೊದಲ ವಾರದ ಅಧಿಕೃತ ಮಾರಾಟಕ್ಕೆ ಸರಿಸಮನಾದ ಈ ಸಂಖ್ಯೆ ತುಸು ಹೆಚ್ಚೇ ಚೊಕ್ಕಟವಾಗಿದೆ. ಅದೂ ಆಲ್ಬಮ್ಮಿನಲ್ಲಿ ಪಾಲಿದ್ದವನ ಬಾಯಿಂದ ಬಂದದ್ದು. ಕಳ್ಳಪ್ರತಿಗಳ ಹಾವಳಿ ಇತ್ತೆಂಬುದನ್ನು ಒಪ್ಪೋಣ. ಅದು ಮೊದಲ ವಾರಗಳ ನಷ್ಟವನ್ನು ವಿವರಿಸೀತು. 5 ಲಕ್ಷಕ್ಕೆ ಸಿಗುವ ಚಿನ್ನದ ಪ್ರಮಾಣಪತ್ರ ಬರಲು 1996ರ ಜನವರಿಯವರೆಗೆ, ಅಂದರೆ ಇಪ್ಪತ್ತೊಂದು ತಿಂಗಳು ಹಿಡಿದದ್ದೇಕೆ ಎಂಬುದನ್ನು ವಿವರಿಸದು. ನ್ಯೂಯಾರ್ಕಿನ ಬೀದಿಯಲ್ಲಿ ಮಾರಿದ ಕ್ಯಾಸೆಟ್ಟುಗಳು ಹ್ಯೂಸ್ಟನ್ನಿನ ಅಂಗಡಿಯ ಗಿರಾಕಿಯನ್ನು ಕಸಿಯುವುದಿಲ್ಲ. ಐದು ಸಿಂಗಲ್‌ಗಳು ಬಂದರೂ ಆಗಿನ ರೇಡಿಯೊಗೆ ಬೇಕಾದ ನರ್ತನದ ಲಯವಾಗಲೀ ಹಾಡಿನಂಥ ಪಲ್ಲವಿಯಾಗಲೀ ಬಹಳಷ್ಟು ಕಡೆ ಇರಲಿಲ್ಲ ಎನ್ನುವುದು ಹೆಚ್ಚು ಸರಳ ಕಾರಣ.

1996ರ ಜುಲೈ 2ರಂದು ಎರಡನೆಯ ಆಲ್ಬಂ ‘ಇಟ್ ವಾಸ್ ರಿಟನ್’ ಬಂದಾಗ ಪರಿಸ್ಥಿತಿ ತಿರುಗಿತು. ನಿರ್ಮಾಣದ ಬಹುಪಾಲು ಟ್ರ್ಯಾಕ್‌ಮಾಸ್ಟರ್ಸ್ ಜೋಡಿಯದು. ಪಲ್ಲವಿಗೆ ಲಾರಿನ್ ಹಿಲ್‌ಳ ಕಂಠವಿದ್ದ ಹಾಡು ರೇಡಿಯೊ ಗೆದ್ದಿತು. ಆಲ್ಬಂ ಮೊದಲ ಸ್ಥಾನದಲ್ಲಿ ಶುರುವಾಗಿ ಮೊದಲ ವಾರದಲ್ಲೇ ಎರಡೂವರೆ ಲಕ್ಷ ದಾಟಿತು. ಮೊದಲ ಆಲ್ಬಮ್ಮಿನ ಮೇಲಿದ್ದ ಮೆಚ್ಚುಗೆ ಮಾನದಂಡವಾಗಿ ಬದಲಾದದ್ದು ಇಲ್ಲಿಂದ. ಹಳೆಯ ಕೇಳುಗರು ಹೊಸದನ್ನು ಬೈಯಲು ‘ಇಲ್‌ಮ್ಯಾಟಿಕ್’ ಹಿಡಿದರು. ಬೈಯುವಾಗ ಅದರ ಕಡಿಮೆ ಮಾರಾಟವೇ ಪ್ರಾಮಾಣಿಕತೆಯ ಗುರುತಾಯಿತು. 1994ರಲ್ಲಿ ಕಂಪನಿಗೆ ತಲೆನೋವಾಗಿದ್ದ ಅಂಕಿ ಈಗ ಸದ್ಗುಣವಾಯಿತು. 1999ರಲ್ಲಿ ಬಂದ ‘ಐ ಆಮ್...’ ಮತ್ತು ‘ನಾಸ್ಟ್ರಡಾಮಸ್’ಗಳ ಹೊತ್ತಿಗೆ ಈ ಹೋಲಿಕೆ ವಿಮರ್ಶಕರಿಗೆ ಅಭ್ಯಾಸವೇ ಆಗಿತ್ತು. ‘ನಾಸ್ಟ್ರಡಾಮಸ್’ ನಿಜಕ್ಕೂ ದುರ್ಬಲ. ಆದರೆ ‘ಇಟ್ ವಾಸ್ ರಿಟನ್’ಗೆ ಆಗ ಅನ್ಯಾಯವಾಯಿತು ಎಂದು ಈಗ ಅನೇಕರು ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ.

2001ರ ಸೆಪ್ಟೆಂಬರ್ 11ರಂದು ಹೊರಬಂದ ಜೇ-ಝೀಯ ‘ದ ಬ್ಲೂಪ್ರಿಂಟ್’ ಆಲ್ಬಮ್ಮಿನ ‘ಟೇಕೋವರ್’ ಹಾಡು ಈ ಹೋಲಿಕೆಯನ್ನು ಆಯುಧ ಮಾಡಿತು. ನಾಸ್‌ನ ಆಲ್ಬಮ್ಮುಗಳನ್ನು ಒಂದೊಂದಾಗಿ ತಳ್ಳಿಹಾಕಿ, ಹತ್ತು ವರ್ಷಕ್ಕೆ ಒಂದೇ ಒಳ್ಳೆಯ ಆಲ್ಬಂ ಎಂಬ ಸರಾಸರಿ ತೆಗೆದ ಜೇ-ಝೀ ಆ ಒಂದನ್ನು ಹೆಸರಿಸಿಯೇ ಹೇಳಿದ. ಎದುರಾಳಿಯನ್ನು ನೆಲಕ್ಕೆ ಕೆಡವಲು ಹೊರಟವನೂ ಆ ಒಂದು ಆಲ್ಬಮ್ಮನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ಅವನ ಲೆಕ್ಕವೇ ನಿಲ್ಲುತ್ತಿರಲಿಲ್ಲ. 1996ರಲ್ಲಿ ಅವನೇ ತನ್ನ ‘ಡೆಡ್ ಪ್ರೆಸಿಡೆಂಟ್ಸ್’ಗೆ ನಾಸ್‌ನ ಧ್ವನಿಯ ತುಣುಕು ಎತ್ತಿಕೊಂಡಿದ್ದ. ‘ಸೋರ್ಸ್’ನ ಐದು ಮೈಕನ್ನು ಅದರ ಓದುಗರಷ್ಟೇ ಬಲ್ಲರು, ಈ ಜಗಳವನ್ನು ದೇಶವೇ ಕೇಳಿತು. ನಾಸ್‌ನ ಉತ್ತರ ಡಿಸೆಂಬರ್ 18ರಂದು ಬಂತು. ಹಾಡು ‘ಈಥರ್’, ಆಲ್ಬಮ್ಮಿನ ಹೆಸರು ‘ಸ್ಟಿಲ್‌ಮ್ಯಾಟಿಕ್’. ಹೆಸರೇ ಹಳೆಯ ಆಲ್ಬಮ್ಮನ್ನು ಅಳತೆಯೆಂದು ಒಪ್ಪಿಕೊಂಡಂತಿತ್ತು. ಒಂದು ವಾರ ಮೊದಲು, ಡಿಸೆಂಬರ್ 11ರಂದು, ‘ಇಲ್‌ಮ್ಯಾಟಿಕ್’ಗೆ 10 ಲಕ್ಷದ ಪ್ಲಾಟಿನಂ ಪ್ರಮಾಣಪತ್ರ ದೊರೆತಿತ್ತು. ಇಂಥ ಪ್ರಮಾಣಪತ್ರ ತಾನಾಗಿ ಬರುವುದಲ್ಲ, ಕಂಪನಿ ಅರ್ಜಿ ಹಾಕಬೇಕು. ಆದ್ದರಿಂದ ಈ ದಿನಾಂಕವನ್ನು ಹತ್ತನೇ ಲಕ್ಷದ ಪ್ರತಿ ಮಾರಾಟವಾದ ದಿನವೆಂದು ಓದದೆ, ಹಳೆಯ ಹೆಸರನ್ನು ಹೊಸ ಆಲ್ಬಮ್ಮಿಗೆ ಕೊಲಂಬಿಯಾ ದುಡಿಸಿಕೊಂಡ ದಿನವೆಂದು ಓದುವುದು ಹೆಚ್ಚು ಸಮಂಜಸ.

ಈ ವಾದಕ್ಕೆ ದೊಡ್ಡ ಆಕ್ಷೇಪವೆಂದರೆ ಆಲ್ಬಮ್ಮಿನ ಗುಣವೇ. ಒಳ್ಳೆಯದಾಗಿತ್ತು, ಆದ್ದರಿಂದ ಉಳಿಯಿತು. ಪತ್ರಿಕೆ, ಜಗಳ, ಪ್ರಮಾಣಪತ್ರಗಳ ಗೊಡವೆ ಏಕೆ? ಗುಣವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಆದರೆ 1994ರಲ್ಲೂ 2001ರಲ್ಲೂ ಹಾಡುಗಳು ಅವೇ, ಸ್ಥಾನ ಬೇರೆ. ಬದಲಾಗದ ಒಂದರಿಂದ ಬದಲಾವಣೆಯನ್ನು ವಿವರಿಸಲಾಗದು. ಅಳತೆಗೋಲಾಗಲು ಅದು ಏಕೆ ಒದಗಿತು ಎಂಬುದಕ್ಕೆ ಮಾತ್ರ ಗುಣದಲ್ಲಿ ಉತ್ತರವಿದೆ. ಮುನ್ನುಡಿಯಂಥ ಮೊದಲ ತುಣುಕೂ ಸೇರಿ ಹತ್ತೇ ಹಾಡು, ನಲವತ್ತು ನಿಮಿಷದೊಳಗೆ ಮುಗಿತಾಯ. ಅತಿಥಿಯಾಗಿ ಚರಣ ಹಾಡಿದವನು ಎಝೀ ಒಬ್ಬನೇ, ಅದೇ ಹಾಡಿನ ಕೊನೆಗೆ ನಾಸ್‌ನ ತಂದೆ, ಜಾಝ್ ಕಲಾವಿದ ಓಲು ದಾರಾನ ಕಾರ್ನೆಟ್. ಐದಾರು ಕೈಗಳ ಬೀಟ್‌ಗಳಿದ್ದರೂ ಎಲ್ಲ ಹಾಡುಗಳು ಒಂದೇ ವಠಾರದ ಮೆಟ್ಟಿಲುಗಳಿಂದ ಕೇಳಿಬಂದಂತಿವೆ. ಪೀಟ್ ರಾಕ್ ಎತ್ತಿದ ಅಹ್ಮದ್ ಜಮಾಲ್‌ನ ಪಿಯಾನೊ, ಲಾರ್ಜ್ ಪ್ರೊಫೆಸರ್ ಎತ್ತಿದ ಮೈಕೆಲ್ ಜಾಕ್ಸನ್‌ನ ‘ಹ್ಯೂಮನ್ ನೇಚರ್’ ಎರಡೂ ಮಂಕು ಬೆಳಕಿನಂತೆ ಒಂದಾಗುತ್ತವೆ. ಇಷ್ಟು ಚಿಕ್ಕದಾದ, ಬಿಡಿ ಹಾಡಾಗಿ ಅಲ್ಲದೆ ಇಡಿಯಾಗಿ ನೆನಪಿನಲ್ಲಿ ನಿಲ್ಲುವ ಆಲ್ಬಮ್ಮನ್ನು ಬೇರೆಯವುಗಳ ಪಕ್ಕ ಇಟ್ಟು ಅಳೆಯುವುದು ಸುಲಭ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ನೊಟೋರಿಯಸ್ ಬಿ.ಐ.ಜಿ.ಯ ‘ರೆಡಿ ಟು ಡೈ’ ಯಾವ ರೀತಿಯಲ್ಲೂ ಕಡಿಮೆಯದಲ್ಲ, ಮಾರಾಟದಲ್ಲಂತೂ ಬಹಳ ಮುಂದೆ. ಆದರೆ 1997ರಲ್ಲಿ ಕೊಲೆಯಾದ ಬಿಗ್ಗಿಗೆ ತನ್ನ ಮೊದಲ ಆಲ್ಬಮ್ಮಿನ ನೆರಳಿನಲ್ಲಿ ದಶಕಗಟ್ಟಲೆ ದುಡಿಯುವ ಪ್ರಸಂಗವೇ ಬರಲಿಲ್ಲ.

ಸಂಸ್ಥೆಗಳು ಕೊನೆಗೆ ಬಂದವು. 2009ರ ಸುಮಾರಿಗೆ ಮೈಕೆಲ್ ಎರಿಕ್ ಡೈಸನ್ ಮತ್ತು ಸೊಹೇಲ್ ದೌಲತ್‌ಝೈ ಸಂಪಾದಿಸಿದ ಪ್ರಬಂಧ ಸಂಪುಟ ಬಂತು, ಹಾಡಿಗೊಂದರಂತೆ ವಿದ್ವಾಂಸರ ಬರಹ. 2013ರಲ್ಲಿ ಹಾರ್ವರ್ಡ್ ನಾಸ್‌ನ ಹೆಸರಿನಲ್ಲಿ ಸಂಶೋಧನಾ ವೇತನ ಸ್ಥಾಪಿಸಿತು. ಮರುವರ್ಷ ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ನಲ್ಲಿ ವಾದ್ಯವೃಂದದೊಂದಿಗೆ ಅವನು ಆ ಹಾಡುಗಳನ್ನು ಹಾಡಿದ. ಭಾರತದವರೆಗೂ ಆ ಹೆಸರಿನ ಮುದ್ರೆ ತಲುಪಿತು: ಮುಂಬಯಿಯ ರ‍್ಯಾಪರ್‌ಗಳ ಬದುಕಿನಿಂದ ಪ್ರೇರಿತವಾದ 2019ರ ‘ಗಲ್ಲಿ ಬಾಯ್’ ಚಿತ್ರಕ್ಕೆ ನಾಸ್ ಕಾರ್ಯಕಾರಿ ನಿರ್ಮಾಪಕ. ‘ಇಲ್‌ಮ್ಯಾಟಿಕ್’ಗೆ ಗ್ರ್ಯಾಮಿಯ ನಾಮನಿರ್ದೇಶನ ಕೂಡ ಸಿಕ್ಕಿರಲಿಲ್ಲ. ನಾಸ್‌ಗೆ ಮೊದಲ ಗ್ರ್ಯಾಮಿ ಬಂದದ್ದು 2021ರ ಮಾರ್ಚ್‌ನಲ್ಲಿ, ‘ಕಿಂಗ್ಸ್ ಡಿಸೀಸ್’ ಎಂಬ ಬೇರೊಂದು ಆಲ್ಬಮ್ಮಿಗೆ. ಅದೇ ತಿಂಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಹೊಸದಾಗಿ ಸೇರಿಸಿದವುಗಳ ಪಟ್ಟಿ ಪ್ರಕಟಿಸಿತು, ಅದರಲ್ಲಿದ್ದದ್ದು ‘ಇಲ್‌ಮ್ಯಾಟಿಕ್’.