ಯಂತ್ರ ಅಲ್ಲಿ, ಬೆರಳು ಇಲ್ಲಿ

ನಿಮ್ಮ ಮನೆಯ ರೇಡಿಯೋ ದೂರದ ದನಿಯನ್ನು ತಂದು ಕೇಳಿಸುತ್ತದೆ. ನೀವು ಮರುಮಾತಾಡಿದರೆ ಅದು ಆಲಿಸುವುದಿಲ್ಲ. ಬೇರೊಂದೂರಿನ ಕಂಪ್ಯೂಟರಾದರೋ ಹಾಗಲ್ಲ. ಇಲ್ಲಿ ಕೀಲಿ ಒತ್ತಿದರೆ ಅಲ್ಲಿ ಕೆಲಸ ನಡೆದು, ಫಲ ನಿಮ್ಮ ಪರದೆಗೇ ಬರುತ್ತದೆ. ಇದು ನಿನ್ನೆ ಮೊನ್ನೆಯ ಸೋಜಿಗವೆಂದು ನೀವು ತಿಳಿದಿದ್ದರೆ, 1940ನೆಯ ಇಸವಿಗೆ ಹೋಗಿಬರೋಣ.

ಆಗ ನ್ಯೂಯಾರ್ಕಿನ ಬೆಲ್ ಟೆಲಿಫೋನ್ ಪ್ರಯೋಗಶಾಲೆಯಲ್ಲಿ ಜಾರ್ಜ್ ಸ್ಟಿಬಿಟ್ಸ್ ಎಂಬ ಗಣಿತಜ್ಞರಿದ್ದರು. 1937ರಲ್ಲಿ ಅವರು ತಮ್ಮ ಅಡಿಗೆಮನೆಯ ಮೇಜಿನ ಮೇಲೆ ಟೆಲಿಫೋನಿನ ಎರಡು ರಿಲೇ, ಟಾರ್ಚಿನ ಬಲ್ಬು, ತಗಡಿನ ಪಟ್ಟಿ ಇವನ್ನು ಜೋಡಿಸಿ ಕೂಡುವ ಲೆಕ್ಕ ಮಾಡುವ ಯಂತ್ರವೊಂದನ್ನು ಹೂಡಿದ್ದರು. ಆಟಿಕೆಯಂತಿದ್ದ ಅದೇ ಬೆಳೆದು, ಸ್ಯಾಮ್ಯುಯೆಲ್ ವಿಲಿಯಮ್ಸ್ ಎಂಬ ಎಂಜಿನಿಯರರ ನೆರವಿನಿಂದ, ನಾನೂರಕ್ಕೂ ಹೆಚ್ಚು ರಿಲೇಗಳ ಗಣಕವಾಯಿತು. ಟೆಲಿಫೋನ್ ಮಂಡಲಗಳ ರಚನೆಗೆ ಬೇಕಾದ ಸಂಮಿಶ್ರ ಸಂಖ್ಯೆಗಳ ಲೆಕ್ಕವನ್ನು ಅದುವರೆಗೆ ಹೆಂಗಸರು ಮೇಜಿನ ಯಂತ್ರಗಳೆದುರು ಕುಳಿತು ಮಾಡುತ್ತಿದ್ದರು. ‘ಕಂಪ್ಯೂಟರ್’ ಎಂಬ ಹೆಸರು ಆಗ ಅವರದೇ!

ಗಣಕ ಒಂದು ಕೋಣೆಯಲ್ಲಿತ್ತು. ಬಳಸುವವರು ಅದರ ಬಳಿ ಸುಳಿಯುತ್ತಿರಲಿಲ್ಲ. ಕಟ್ಟಡದ ಬೇರೆಡೆ ಇಟ್ಟಿದ್ದ ಟೆಲಿಪ್ರಿಂಟರುಗಳಲ್ಲಿ ಲೆಕ್ಕವನ್ನು ಬೆರಳಚ್ಚಿಸುತ್ತಿದ್ದರು. ತಂತಿಯನ್ನು ಕಟ್ಟಡದಾಚೆಗೂ ಎಳೆದರೆ ಆಗದೇ? 1940ರ ಸೆಪ್ಟೆಂಬರ್ 11ರಂದು ಹ್ಯಾನೋವರಿನ ಡಾರ್ಟ್‌ಮತ್ ಕಾಲೇಜಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆ ಸೇರಿತ್ತು. ಸ್ಟಿಬಿಟ್ಸ್ ತಮ್ಮ ಪ್ರಬಂಧವನ್ನು ಓದಿ, ಪಕ್ಕದಲ್ಲಿದ್ದ ಟೆಲಿಪ್ರಿಂಟರನ್ನು ಸಭಿಕರಿಗೆ ಬಿಟ್ಟುಕೊಟ್ಟರು. ಯಂತ್ರವಿದ್ದದ್ದು ಸುಮಾರು 250 ಮೈಲಿ ದೂರದ ನ್ಯೂಯಾರ್ಕಿನಲ್ಲಿ. ಪಂಡಿತರು ಒಬ್ಬೊಬ್ಬರಾಗಿ ಲೆಕ್ಕ ಒಡ್ಡಿದರು. ಸ್ವಲ್ಪ ಹೊತ್ತಿನಲ್ಲೇ ಉತ್ತರ ಕಾಗದದ ಮೇಲೆ ಮೂಡುತ್ತಿತ್ತು. ನಾರ್ಬರ್ಟ್ ವೀನರ್ ಅಲ್ಲಿದ್ದರು; ಮುಂದೆ ಎನಿಯಾಕ್ ಗಣಕದ ನಿರ್ಮಾಪಕರಲ್ಲೊಬ್ಬರಾದ ಜಾನ್ ಮಾಕ್ಲಿಯೂ ಇದ್ದರು.

ಗಣಕ ಗಣಕದೊಡನೆ ಮಾತಾಡಿದ್ದು ಬಹಳ ತಡವಾಗಿ. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನ ವಿದ್ಯಾರ್ಥಿಯೊಬ್ಬ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಗಣಕದೊಳಕ್ಕೆ ಹೋಗಲು ‘ಲಾಗಿನ್’ ಎಂದು ಬೆರಳಚ್ಚಿಸತೊಡಗಿದ. ಎಲ್ ತಲುಪಿತು, ಓ ತಲುಪಿತು. ಜಿ ಒತ್ತಿದಾಗ ಅತ್ತಣ ಗಣಕ ಕೈಚೆಲ್ಲಿತು. ಸುಮಾರು ಒಂದು ಗಂಟೆಯ ಮೇಲೆ ಕೆಲಸ ಕೈಗೂಡಿತು.

ಅಕ್ಷರದ ಜೊತೆಗೆ ಇಡೀ ಪರದೆಯ ಚಿತ್ರವೇ ಹರಿದುಬರತೊಡಗಿದ್ದು ಆಮೇಲೆ. ಇಂಗ್ಲೆಂಡಿನ ಕೇಂಬ್ರಿಜ್‌ನ ಪ್ರಯೋಗಶಾಲೆಯೊಂದು 1998ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ವಿ.ಎನ್.ಸಿ. ತಂತ್ರದ ಜಾಣತನ ನೋಡಿ: ಪರದೆಯಲ್ಲಿ ಬದಲಾದ ತುಣುಕುಗಳನ್ನಷ್ಟೇ ಇತ್ತ ಕಳುಹಿಸಿದರೆ ಸಾಕು, ಕೀಲಿಯ ಒತ್ತು ಮತ್ತು ಮೌಸಿನ ಚಲನೆ ಅತ್ತ ಹೋಗುತ್ತವೆ.

ಸ್ಟಿಬಿಟ್ಸರ ಯಂತ್ರವನ್ನು ಲೆಕ್ಕವಲ್ಲದೆ ಬೇರೇನನ್ನೂ ಕೇಳುವಂತಿರಲಿಲ್ಲ. ಇಂದು ಹಾಗಲ್ಲ, ಒಡೆಯನಿಗೆ ಕಾಣುವುದೆಲ್ಲ ತಂತಿಯ ಆ ತುದಿಯಲ್ಲಿರುವವನಿಗೂ ಕಾಣುತ್ತದೆ. ಬ್ಯಾಂಕಿನವನೆಂದು ಹೇಳಿಕೊಂಡು ಟೆಲಿಫೋನ್ ಮಾಡುವ ಠಕ್ಕ ಇಂಥ ತಂತ್ರಾಂಶವನ್ನು ನಿಮ್ಮ ಕೈಯಿಂದಲೇ ಮೊಬೈಲಿಗೆ ಹಾಕಿಸುತ್ತಾನೆ, ಅದು ತೋರಿಸುವ ಅಂಕಿಗಳನ್ನು ಕೇಳಿ ಪಡೆಯುತ್ತಾನೆ. ಬಾಗಿಲು ತೆರೆಯಲು ಅವನಿಗೆ ಬೇಕಾದದ್ದು ಅಷ್ಟೇ. 2019ರಲ್ಲಿ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ಎಚ್ಚರಿಕೆ ಕಳುಹಿಸಿದ್ದು ಇದೇ ಮೋಸದ ಬಗ್ಗೆ.