ಜಗನ್ಮೋಹನ ಅರಮನೆಗೆ ಬಂದ ಪರದೇಶದ ಶಿಷ್ಯೆ

ವಿದ್ಯಾರ್ಜನೆಗಾಗಿ ಒಬ್ಬಂಟಿಯಾಗಿ ಪರದೇಶಕ್ಕೆ ತೆರಳುವುದೆಂದರೆ, ಕಳೆದ ಶತಮಾನದ ಪೂರ್ವಾರ್ಧದಲ್ಲಿ ಮುಂಬಯಿಯ ಬಂದರಿನಲ್ಲಿ ಹಡಗನ್ನೇರಿ ಲಂಡನ್, ಕೇಂಬ್ರಿಡ್ಜ್‌ಗಳ ಕಡೆಗೆ ಹೊರಟ ನಮ್ಮ ತರುಣರ ನೆನಪೇ ಮೊದಲು ಬರುತ್ತದೆ. ಆದರೆ ಅದೇ ಕಾಲದಲ್ಲಿ ಎದುರು ದಿಕ್ಕಿನಿಂದ, ನಮ್ಮ ಭಾಷೆಯಾಗಲಿ ಆಚಾರವಾಗಲಿ ತಿಳಿಯದೆ, ಯೋಗವೆಂಬ ಒಂದೇ ವಿದ್ಯೆಯನ್ನರಸಿ ಮೈಸೂರಿನ ಬಾಗಿಲನ್ನು ತಟ್ಟಿದವರೂ ಉಂಟು. ಮೈಸೂರಿನ ಯೋಗಪರಂಪರೆಯನ್ನು ಕುರಿತು ಮಾತನಾಡುವಾಗ ಗುರುಗಳ ಪಾಂಡಿತ್ಯವನ್ನೂ ಅರಸರ ಔದಾರ್ಯವನ್ನೂ ನಾವು ಸ್ಮರಿಸುತ್ತೇವೆ. ಅದು ಯುಕ್ತವೇ ಸರಿ. ಆದರೆ ಹಾಗೆ ಬಂದ ಶಿಷ್ಯರ ಧೈರ್ಯವನ್ನು ಬಿಟ್ಟು ಬರೆದ ಚರಿತ್ರೆ ಅರ್ಧಚರಿತ್ರೆಯೆಂದೇ ನನ್ನ ಎಣಿಕೆ.

ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಜನಿಸಿದ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಪರಕಾಲ ಮಠದಲ್ಲಿಯೂ ಕಾಶಿಯಲ್ಲಿಯೂ ಶಾಸ್ತ್ರಾಧ್ಯಯನ ಮಾಡಿ, ತಾವೇ ಹೇಳಿಕೊಂಡಿರುವಂತೆ ಹಿಮಾಲಯದಾಚೆ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುವಿನ ಸನ್ನಿಧಿಯಲ್ಲಿ ಹಲವು ವರ್ಷ ಯೋಗಾಭ್ಯಾಸ ನಡೆಸಿ, ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಅವರಿಗಾಗಿ ಯೋಗಶಾಲೆಯೊಂದು ಆರಂಭವಾಯಿತು. ಮರುವರ್ಷ ಅವರ ‘ಯೋಗ ಮಕರಂದ’ ಕನ್ನಡದಲ್ಲಿಯೇ ಪ್ರಕಟವಾಯಿತು. ಶಾಲೆಯಲ್ಲಿ ಕಲಿಯುತ್ತಿದ್ದವರು ಬಹುಮಟ್ಟಿಗೆ ಅರಸು ಮನೆತನದ ಹುಡುಗರು ಮತ್ತು ಪಟ್ಟಣದ ಬಾಲಕರು. ಆಚಾರ್ಯರ ಶಿಸ್ತು ಎಂಥದೆಂಬುದನ್ನು ಅವರ ಮೈದುನರೂ ಶಿಷ್ಯರೂ ಆಗಿದ್ದ ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಇಂಥ ಗುರುವಿನ ಮುಂದೆ ಸುಮಾರು 1937ರಲ್ಲಿ ಬಂದು ನಿಂತಾಕೆ ಯೂಜೀನಿಯಾ ಪೀಟರ್ಸನ್. ರೀಗಾ ನಗರದಲ್ಲಿ 1899ರಲ್ಲಿ ಸ್ವೀಡನ್ ಮೂಲದ ತಂದೆಗೂ ರಷ್ಯದ ಕುಲೀನ ಮನೆತನದ ತಾಯಿಗೂ ಮಗಳಾಗಿ ಹುಟ್ಟಿ, ರಷ್ಯದ ಕ್ರಾಂತಿಯ ಅಲೆಗೆ ಸಿಕ್ಕಿ ನೆಲೆ ತಪ್ಪಿ, ಯೂರೋಪಿನ ರಂಗಭೂಮಿಯಲ್ಲಿ ನಟಿಯಾಗಿಯೂ ನರ್ತಕಿಯಾಗಿಯೂ ಜೀವನ ಸಾಗಿಸುತ್ತಿದ್ದ ಆಕೆಯನ್ನು ಭಾರತದತ್ತ ಸೆಳೆದುದು ಥಿಯಾಸಫಿಯ ಬಳಗ ಮತ್ತು ಜಿಡ್ಡು ಕೃಷ್ಣಮೂರ್ತಿಯವರ ವಾಣಿ. 1927ರಲ್ಲಿ ಈ ನೆಲಕ್ಕೆ ಬಂದಿಳಿದ ಆಕೆ ಮೂಕಚಿತ್ರವೊಂದರಲ್ಲಿ ನಟಿಸಿ ಇಂದ್ರಾದೇವಿ ಎಂಬ ಹೆಸರನ್ನು ತಳೆದಳು. ಜೆಕೊಸ್ಲೊವಾಕಿಯದ ಕಾನ್ಸುಲೇಟ್ ಕಚೇರಿಯ ಅಧಿಕಾರಿಯೊಬ್ಬನನ್ನು ವರಿಸಿ ಮುಂಬಯಿಯಲ್ಲಿ ನೆಲೆಸಿದಳು. ಹಲವು ವರ್ಷ ಕಾಡಿದ ಹೃದಯದ ವ್ಯಾಧಿಯೇ ಆಕೆಯನ್ನು ಯೋಗದ ಕಡೆಗೆ ತಿರುಗಿಸಿತು.

ಆಚಾರ್ಯರು ಮೊದಲು ಒಪ್ಪಲಿಲ್ಲ. ಪರದೇಶದವಳು, ಅದರ ಮೇಲೆ ಹೆಂಗಸು. ಇಂಥವರಿಗೆ ಶಾಲೆಯಲ್ಲಿ ಎಡೆಯಿಲ್ಲವೆಂದು ಕಡ್ಡಿಮುರಿದಂತೆ ಹೇಳಿಬಿಟ್ಟರು. ತಮ್ಮ ಮಡದಿಗೂ ಹೆಣ್ಣುಮಕ್ಕಳಿಗೂ ಆಸನಗಳನ್ನು ಕಲಿಸಿ, 1938ರ ಚಲನಚಿತ್ರವೊಂದರಲ್ಲಿ ಅವರಿಂದ ಅವನ್ನು ಮಾಡಿಸಿ ತೋರಿಸಿದವರು ಈ ಆಚಾರ್ಯರೇ ಎಂಬುದನ್ನು ನೆನೆದರೆ, ಆ ನಿರಾಕರಣೆ ಹೆಣ್ಣಿಗೆ ಯೋಗ ಸಲ್ಲದೆಂಬ ತತ್ತ್ವದಿಂದ ಹುಟ್ಟಿದುದಲ್ಲ, ಪರಿಚಯವಿಲ್ಲದ ಜೀವವೊಂದನ್ನು ಹೊರಲು ಗುರುವಿಗಿದ್ದ ಸಂಕೋಚದಿಂದ ಹುಟ್ಟಿದುದೆಂದು ನನಗೆ ತೋರುತ್ತದೆ. ರಾಜಮನೆತನದ ಪರಿಚಯವಿದ್ದ ಇಂದ್ರಾದೇವಿ ಮಹಾರಾಜರಲ್ಲಿ ಮೊರೆಯಿಟ್ಟಳು. ಮಹಾರಾಜರ ಮಾತನ್ನು ಆಚಾರ್ಯರು ಮೀರಲಾರದೆ ಹೋದರು. ಆದರೆ ಅರಸನ ಅಪ್ಪಣೆಯಿಂದ ಬಾಗಿಲು ತೆರೆಯಿತೇ ಹೊರತು ವಿದ್ಯೆ ಒಲಿಯಲಿಲ್ಲ. ಸೂರ್ಯೋದಯಕ್ಕೆ ಮುಂಚೆ ಏಳುವುದು, ರಾತ್ರಿ ಬೇಗನೆ ಮಲಗುವುದು, ಮೈದಾ ಮತ್ತು ಬಿಳಿಯ ಸಕ್ಕರೆಯನ್ನು ವರ್ಜಿಸುವುದು ಮೊದಲಾದ ಕಠಿಣ ನಿಯಮಗಳನ್ನು ಆಚಾರ್ಯರು ವಿಧಿಸಿದರು; ಆಕೆ ತಾನಾಗಿಯೇ ಬೇಸತ್ತು ಹಿಂದಿರುಗಲೆಂಬ ಆಶಯ ಅದರಲ್ಲಿ ಇದ್ದಿರಲೂಬಹುದು. ನಲವತ್ತನ್ನು ಸಮೀಪಿಸುತ್ತಿದ್ದ ಆ ಸ್ತ್ರೀ ಹಿಂದಿರುಗಲಿಲ್ಲ. ಒಗ್ಗದ ದೇಹವನ್ನು ಒಗ್ಗಿಸುತ್ತ, ಊರಿನಲ್ಲಿ ತನ್ನವರೆನ್ನುವವರಿಲ್ಲದೆ, ತನಗಿಂತ ಎಷ್ಟೋ ಕಿರಿಯರಾದ ಹುಡುಗರು ಲೀಲೆಯಿಂದ ಮಾಡುತ್ತಿದ್ದುದನ್ನು ಶ್ರಮದಿಂದ ಸಾಧಿಸುತ್ತ ಆಕೆ ನಿಂತ ಪರಿಗೆ ಗುರುವಿನ ಮನಸ್ಸು ಕರಗಿತು. ಗಂಡನಿಗೆ ಚೀನಾಕ್ಕೆ ವರ್ಗವಾದ ಸುದ್ದಿ ತಿಳಿದಾಗ, ಹೋದಲ್ಲಿ ನೀನು ಈ ವಿದ್ಯೆಯನ್ನು ಕಲಿಸಬೇಕೆಂದು ಆಜ್ಞಾಪಿಸಿದವರು, ಮೊದಲು ಬಾಗಿಲು ಮುಚ್ಚಿದ ಆಚಾರ್ಯರೇ.

1939ರಲ್ಲಿ ಶಾಂಘಾಯಿ, ಯುದ್ಧಾನಂತರ ಹಾಲಿವುಡ್, ಕೊನೆಗೆ ಅರ್ಜೆಂಟೀನಾ: ಆಕೆ ಹೋದೆಡೆಯಲ್ಲೆಲ್ಲ ಯೋಗಶಾಲೆಗಳು ಎದ್ದವು. 2002ರಲ್ಲಿ, ತನ್ನ 102ನೆಯ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್ ನಗರದಲ್ಲಿ ಆಕೆ ಕಾಲವಾದಳು. ಇತ್ತ ನಾಲ್ವಡಿಯವರು 1940ರಲ್ಲಿ ತೀರಿಕೊಂಡ ತರುವಾಯ ಸೊರಗುತ್ತ ಬಂದ ಜಗನ್ಮೋಹನದ ಯೋಗಶಾಲೆ 1950ರಲ್ಲಿ ಮುಚ್ಚಿಹೋಯಿತು. ಆಚಾರ್ಯರು ಮದರಾಸಿಗೆ ತೆರಳಿದರು.

ಪರದೇಶದಿಂದ ಮೈಸೂರಿಗೆ ಬರುವವರು ಮಾತ್ರ ನಿಲ್ಲಲಿಲ್ಲ. ಆಚಾರ್ಯರ ಶಿಷ್ಯರೂ ಹಾಸನದ ಬಳಿಯ ಕೌಶಿಕದವರೂ ಆದ ಪಟ್ಟಾಭಿ ಜೋಯಿಸರು ಮೈಸೂರಿನ ಲಕ್ಷ್ಮೀಪುರಂನ ತಮ್ಮ ಮನೆಯಲ್ಲಿ ಪಾಠ ಹೇಳುತ್ತಿದ್ದಾಗ, 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್ಬೆತ್ ಎಂಬಾತ ಬಂದು ಎರಡು ತಿಂಗಳಿದ್ದು ಕಲಿತುಹೋದನು. ಮೂರು ವರ್ಷಗಳ ಬಳಿಕ ಫ್ರೆಂಚಿನಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿ ಜೋಯಿಸರ ಹೆಸರನ್ನೂ ವಿಳಾಸವನ್ನೂ ಕಂಡು ಯೂರೋಪಿನವರು ಬರತೊಡಗಿದರು. ಎಪ್ಪತ್ತರ ದಶಕದ ಆದಿಯಲ್ಲಿ ಅಮೆರಿಕದವರೂ ಬಂದರು. ಗುರುವಿಗೆ ಇಂಗ್ಲಿಷ್ ಅಲ್ಪ, ಶಿಷ್ಯರಿಗೆ ಕನ್ನಡ ಶೂನ್ಯ; ಸಂಸ್ಕೃತದ ಎಣಿಕೆ, ಉಸಿರು, ಕೈಯಿಂದ ತಿದ್ದುವ ಸ್ಪರ್ಶ, ಇಷ್ಟರಿಂದಲೇ ಪಾಠ ಸಾಗುತ್ತಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಶಕ್ತಿಗೆ ತಕ್ಕಂತೆ ಅಭ್ಯಾಸ ಮಾಡುವ ಈ ಕ್ರಮವೇ ಇಂದು ಮೈಸೂರು ಪದ್ಧತಿಯೆಂದು ಲೋಕಪ್ರಸಿದ್ಧವಾಗಿದೆ.

ಆ ಸ್ಪರ್ಶದ ವಿಷಯದಲ್ಲಿ ನೋವಿನ ಸಂಗತಿಯೊಂದನ್ನು ಹೇಳದೆ ಮುಂದುವರಿಯುವುದು ಸತ್ಯಕ್ಕೆ ಅಪಚಾರ. ಜೋಯಿಸರು ತಿದ್ದುವ ನೆಪದಲ್ಲಿ ತಮ್ಮನ್ನು ಅನುಚಿತವಾಗಿ ಮುಟ್ಟಿದರೆಂದು ಹಲವು ವಿದ್ಯಾರ್ಥಿನಿಯರು ಅವರ ನಿಧನಾನಂತರ ಬಹಿರಂಗವಾಗಿ ನುಡಿದಿದ್ದಾರೆ; ಆ ನೋವಿಗಾಗಿ 2019ರಲ್ಲಿ ಅವರ ಮೊಮ್ಮಗ ಶರತ್ ಬಹಿರಂಗವಾಗಿ ಕ್ಷಮೆ ಕೋರಿದರು. ಬಂಧುಬಳಗವಿಲ್ಲದ ಊರಿನಲ್ಲಿ, ತನ್ನ ದೇಹವನ್ನೇ ಗುರುವಿನ ಕೈಗೆ ಒಪ್ಪಿಸಿದ ಶಿಷ್ಯೆಯ ವಿಶ್ವಾಸ ಎಷ್ಟು ದೊಡ್ಡದೋ, ಅದನ್ನು ಕಾಯುವ ಹೊಣೆಯೂ ಅಷ್ಟೇ ದೊಡ್ಡದು. ಆ ಹೊಣೆ ಗುರುವಿನದು ಮಾತ್ರವಲ್ಲ, ಶಿಷ್ಯರನ್ನು ಬರಮಾಡಿಕೊಂಡ ಊರಿನದೂ ಹೌದು.

ಇಂದು ಗೋಕುಲಂ ಬಡಾವಣೆಯಲ್ಲಿ ಬಾಡಿಗೆಯ ಕೋಣೆಯನ್ನು ಹುಡುಕುವ ಪರದೇಶದ ಯೋಗವಿದ್ಯಾರ್ಥಿಗಳನ್ನು ಕಾಣುವುದು ಮೈಸೂರಿನವರಿಗೆ ನಿತ್ಯದ ಮಾತಾಗಿದೆ. ಅವರಿಗಿಂತ ಮೊದಲು ಬಂದವರಿಗೆ ಕೋಣೆ ಕೊಟ್ಟ, ಕಾಫಿ ತಿಂಡಿ ಒದಗಿಸಿದ, ಜ್ವರ ಬಂದಾಗ ವೈದ್ಯರಲ್ಲಿಗೆ ಕರೆದೊಯ್ದ ಮನೆಗಳು ಲಕ್ಷ್ಮೀಪುರಂನ ಆಸುಪಾಸಿನಲ್ಲಿ ಇದ್ದೇ ಇರಬೇಕು; ಹಾಗೆ ಬಂದುಹೋದವರು ಬರೆದ ಕಾಗದಗಳು, ಬಿಟ್ಟುಹೋದ ಭಾವಚಿತ್ರಗಳು ಆ ಮನೆಗಳ ಪೆಟ್ಟಿಗೆಗಳಲ್ಲಿ ಉಳಿದಿದ್ದರೆ, ಅವನ್ನು ಹೊರತೆಗೆದು ಮೈಸೂರು ವಿಶ್ವವಿದ್ಯಾನಿಲಯದ ಗ್ರಂಥಾಲಯಕ್ಕೋ ಪತ್ರಾಗಾರಕ್ಕೋ ಒಪ್ಪಿಸಬೇಕೆಂದು ಆ ಹಿರಿಯರಲ್ಲಿಯೂ ಅವರ ಮಕ್ಕಳಲ್ಲಿಯೂ ನನ್ನ ಸವಿನಯ ಪ್ರಾರ್ಥನೆ.